ಹಂಸ ಸಾಯುವ ಮುಂಚೆ ನಿಜವಾಗ್ಲೂ ಹಾಡುತ್ತಾ?

ಓದುಗರ ಪ್ರಶ್ನೆ: ಕ್ರಿಕೆಟಿಗರ ಕೊನೆಯ ಸರಣಿ ಬಂತೆಂದರೆ ಇಂಗ್ಲಿಷ್ ಪತ್ರಿಕೆಗಳು ಅದನ್ನು 'ಸ್ವಾನ್ ಸಾಂಗ್' ಅಂತ ಬರೆಯುತ್ತವೆ. ನಾವು 'ಹಂಸಗೀತೆ' ಅಂತೀವಿ. ಹಂಸ ನಿಜವಾಗ್ಲೂ ಸಾಯುವ ಮುಂಚೆ ಹಾಡುತ್ತಾ? ಹಾಡದಿದ್ದರೆ ಈ ಮಾತು ಬಂದಿದ್ದು ಎಲ್ಲಿಂದ?

ಮೊದಲು ಒಂದು ಎಚ್ಚರಿಕೆ. ಇದು ಸ್ವಾನ್, ಶ್ವಾನ ಅಲ್ಲ. ಶ್ವಾನಗೀತೆ ನಮ್ಮ ಬೀದಿಯಲ್ಲಿ ರಾತ್ರಿ ಹನ್ನೆರಡಕ್ಕೆ ಶುರುವಾಗುತ್ತದೆ. ಅದು ಕೊನೆಯ ಹಾಡು ಅಂತೂ ಅಲ್ಲವೇ ಅಲ್ಲ, ಮರುದಿನವೂ ಇರುತ್ತದೆ.

ಇನ್ನು ಹಂಸದ ವಿಷಯ. ಇಲ್ಲ, ಅದು ಸಾಯುವ ಮುಂಚೆ ಹಾಡುವುದಿಲ್ಲ. ಇಂಗ್ಲೆಂಡಿನ ನದಿ, ಕೆರೆಗಳಲ್ಲಿ ಕಾಣುವ ಬಿಳಿ ಹಂಸದ ಹೆಸರೇ 'ಮ್ಯೂಟ್ ಸ್ವಾನ್', ಅಂದರೆ ಮೂಕ ಹಂಸ. ಕಿತ್ತಳೆ ಬಣ್ಣದ ಕೊಕ್ಕು, ಅದರ ಬುಡದಲ್ಲಿ ಕಪ್ಪು ಗಂಟು, ಬಾಗಿದ ಕತ್ತು. ಕ್ಯಾಲೆಂಡರಿನಲ್ಲಿ, ಮದುವೆ ಕಾರ್ಡಿನಲ್ಲಿ ನೀವು ನೋಡಿರುವುದು ಇದನ್ನೇ. ಪೂರ್ತಿ ಮೂಕ ಏನಲ್ಲ. ಮರಿಗಳ ಹತ್ತಿರ ಹೋದರೆ ಹಾವಿನ ಥರ ಬುಸ್ ಅನ್ನುತ್ತದೆ. ಹಾರುವಾಗ ರೆಕ್ಕೆಯ ಸದ್ದು ದೂರದವರೆಗೂ ಕೇಳುತ್ತದೆ. ಆದರೆ ಹಾಡು ಅಂತ ಕರೆಯುವಂಥದ್ದು ಅದರ ಗಂಟಲಲ್ಲಿ ಇಲ್ಲ.

ಹಾಗಾದರೆ ಇಷ್ಟು ದೊಡ್ಡ ಕಥೆ ಹುಟ್ಟಿದ್ದು ಹೇಗೆ?

ಕಥೆ ಗ್ರೀಕರದು. ಕ್ರಿಸ್ತಪೂರ್ವ 399, ಅಥೆನ್ಸಿನ ಜೈಲು. ಸಾಕ್ರಟೀಸ್ ಅವತ್ತು ಸಂಜೆ ವಿಷ ಕುಡಿಯಬೇಕು. ಸುತ್ತ ಕೂತ ಶಿಷ್ಯರಿಗೆ ಏನೋ ಕೇಳಬೇಕು ಅಂತ ಆಸೆ, ಸಾಯುವ ಮನುಷ್ಯನಿಗೆ ತೊಂದರೆ ಕೊಡೋದು ಹೇಗೆ ಅಂತ ಸಂಕೋಚ. ಅದನ್ನು ಗಮನಿಸಿದ ಸಾಕ್ರಟೀಸ್ ನಕ್ಕು, ನನ್ನನ್ನು ಹಂಸಗಳಿಗಿಂತ ಕಡೆ ಅಂದುಕೊಂಡಿರಾ ಎಂದು ಕೇಳುತ್ತಾನೆ. ಸಾವು ಬಂತು ಅಂತ ಗೊತ್ತಾದಾಗ ಹಂಸಗಳು ಹಿಂದೆಂದಿಗಿಂತ ಜಾಸ್ತಿ ಹಾಡುತ್ತವೆ, ಅದು ದುಃಖಕ್ಕಲ್ಲ. ತಮ್ಮ ದೇವರಾದ ಅಪೊಲೊ ಹತ್ತಿರ ಹೋಗುತ್ತಿದ್ದೇವೆ ಅನ್ನುವ ಖುಷಿಗೆ. ಮನುಷ್ಯರಿಗೆ ಸಾವೆಂದರೆ ಭಯ, ಅದಕ್ಕೇ ಹಂಸದ ಹಾಡನ್ನೂ ಅಳು ಅಂದುಕೊಂಡಿದ್ದಾರೆ ಅನ್ನುತ್ತಾನೆ. ಇದನ್ನು ಬರೆದಿಟ್ಟವನು ಪ್ಲೇಟೊ. ಇಂಥ ಗಳಿಗೆಯಲ್ಲಿ ಇಂಥವನ ಬಾಯಿಂದ ಬಂದ ಮಾತು ಅಂದಮೇಲೆ ಜನ ಬಿಡುತ್ತಾರಾ? ಅರಿಸ್ಟಾಟಲ್ ಕೂಡ ಹಂಸ ಹಾಡುತ್ತದೆ ಅಂತಲೇ ಬರೆದ.

ಒಪ್ಪದವರೂ ಇದ್ದರು. ರೋಮಿನ ಪ್ಲಿನಿ ಒಂದನೇ ಶತಮಾನದಲ್ಲೇ, ನಾನು ನೋಡಿದ ಮಟ್ಟಿಗೆ ಇದು ಸುಳ್ಳು ಅಂತ ಬರೆದಿಟ್ಟ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಚೆನ್ನಾಗಿರುವ ಸುಳ್ಳಿನ ಮುಂದೆ ಸಪ್ಪೆ ಸತ್ಯಕ್ಕೆ ಅವತ್ತೂ ಮಾರ್ಕೆಟ್ ಇರಲಿಲ್ಲ. ಶೇಕ್ಸ್‌ಪಿಯರ್‌ನ ಒಥೆಲೊ ನಾಟಕದಲ್ಲಿ ಎಮಿಲಿಯಾ ಸಾಯುವಾಗ, ನಾನೂ ಹಂಸದ ಹಾಗೆ ಹಾಡುತ್ತಾ ಸಾಯ್ತೀನಿ ಅನ್ನುತ್ತಾಳೆ. ಆ ಶೇಕ್ಸ್‌ಪಿಯರ್‌ನನ್ನೇ 1623ರಲ್ಲಿ ಬೆನ್ ಜಾನ್ಸನ್ 'ಏವನ್ ನದಿಯ ಹಂಸ' ಅಂತ ಕರೆದ. ಈ ಸಾಲಿನಲ್ಲಿ ನನಗೆ ತುಂಬಾ ಇಷ್ಟ ಕೋಲ್‌ರಿಜ್ ಕವಿಯ ಚುಟುಕ. ಯಾರದೋ ಕೆಟ್ಟ ಹಾಡು ಕೇಳಿ ಬೇಸತ್ತು ಬರೆದಿರಬೇಕು. ಹಂಸಗಳು ಹಾಡಿ ಸಾಯುತ್ತವೆ, ಕೆಲವರು ಹಾಡುವ ಮುಂಚೆಯೇ ಸತ್ತರೆ ತಪ್ಪೇನಿಲ್ಲ ಅಂತ!

ಇಷ್ಟೆಲ್ಲ ಇದ್ದರೂ 'ಸ್ವಾನ್ ಸಾಂಗ್' ಅನ್ನುವ ಜೋಡಿಪದ ಇಂಗ್ಲಿಷಿಗೆ ಬಂದಿದ್ದು ತಡವಾಗಿ, 19ನೇ ಶತಮಾನದಲ್ಲಿ, ಜರ್ಮನ್ ಭಾಷೆಯ ದಾರಿಯಲ್ಲಿ. ಜರ್ಮನ್ನಿನಲ್ಲಿ ಅದು 'ಶ್ವಾನೆನ್‌ಗೆಸಾಂಗ್'. ಸಂಗೀತಗಾರ ಶೂಬರ್ಟ್ 1828ರಲ್ಲಿ ತೀರಿಕೊಂಡ. ಅವನ ಕೊನೆಯ ಹಾಡುಗಳನ್ನು ಮರುವರ್ಷ ಪ್ರಕಟಿಸಿದವರು ಇದೇ ಹೆಸರು ಇಟ್ಟರು. (ನೋಡಿ, ಜರ್ಮನ್ನಿಗೆ ಹೋದ ತಕ್ಷಣ ಶ್ವಾನ ಮತ್ತೆ ಬಂತು.) ಕನ್ನಡದಲ್ಲಿ ನನ್ನ ತಲೆಮಾರಿನವರಿಗೆ 'ಹಂಸಗೀತೆ' ಅಂದರೆ ತ.ರಾ.ಸು. ಅವರ ಕಾದಂಬರಿ, ಅದನ್ನು ಆಧರಿಸಿ ಜಿ.ವಿ. ಅಯ್ಯರ್ 1975ರಲ್ಲಿ ಮಾಡಿದ ಸಿನಿಮಾ.

ಹಾಗಂತ ಗ್ರೀಕರು ಪೂರ್ತಿ ಸುಳ್ಳು ಹೇಳಿದರು ಅನ್ನಲೂ ಆಗಲ್ಲ. ಹಂಸಗಳಲ್ಲಿ ಒಂದೇ ಜಾತಿ ಇಲ್ಲ. ಉತ್ತರದ ಚಳಿಸೀಮೆಯ 'ಹೂಪರ್ ಸ್ವಾನ್' ಕಹಳೆಯ ಹಾಗೆ ಕೂಗುತ್ತದೆ. ಅದರ ಶ್ವಾಸನಾಳ ನೇರ ಇಲ್ಲ, ಎದೆಮೂಳೆಯ ಒಳಗೆ ಹೋಗಿ ಸುತ್ತು ಹಾಕಿ ಬರುತ್ತದೆ. ಉದ್ದದ ಕೊಳವೆಯನ್ನು ಸುತ್ತಿ ವಾದ್ಯ ಮಾಡಿದ ಹಾಗೆ. ಇದರ ಹತ್ತಿರದ ಸಂಬಂಧಿ 'ಟಂಡ್ರಾ ಸ್ವಾನ್'. ಡೇನಿಯಲ್ ಎಲಿಯಟ್ ಅನ್ನುವ ಅಮೆರಿಕದ ಪಕ್ಷಿತಜ್ಞ ಒಮ್ಮೆ ಅದಕ್ಕೆ ಗುಂಡು ಹೊಡೆದ. ರೆಕ್ಕೆ ಬಿಚ್ಚಿಕೊಂಡೇ ನಿಧಾನಕ್ಕೆ ನೀರಿಗೆ ಇಳಿದ ಆ ಹಕ್ಕಿ, ಇಳಿಯುವಷ್ಟು ಹೊತ್ತೂ ಸ್ವರಗಳ ಮೇಲೆ ಬೆರಳಾಡಿಸಿದಂಥ ಮೆಲುದನಿ ಹೊರಡಿಸಿತು ಅಂತ 1898ರಲ್ಲಿ ಬಂದ ಪುಸ್ತಕದಲ್ಲಿ ಬರೆದಿದ್ದಾನೆ. ಸುತ್ತಿಕೊಂಡ ಆ ಕೊಳವೆಯಿಂದ ಕೊನೆಯ ಉಸಿರು ಹೊರಬರುವಾಗ ಹೀಗೊಂದು ಸದ್ದು ಆಗಬಹುದು ಅನ್ನುವ ವಿವರಣೆ ಇದೆ. ಅದನ್ನು ಹಾಡು ಅನ್ನೋದೋ, ಗಾಳಿ ಅನ್ನೋದೋ, ಕೇಳುವವರ ಕಿವಿಗೆ ಬಿಟ್ಟಿದ್ದು.

ಈಗ ನನಗೆ ಎಲ್ಲಕ್ಕಿಂತ ಮಜಾ ಅನ್ನಿಸಿದ ಸಂಗತಿಗೆ ಬರ್ತೀನಿ. ಹಾಡು ಹಕ್ಕಿಯ ಗಂಟಲಲ್ಲಿ ಇಲ್ಲದಿದ್ದರೂ ಅದರ ಹೆಸರಿನಲ್ಲಿ ಇದೆ. 'ಸ್ವಾನ್' ಅನ್ನುವ ಪದ 'ಸದ್ದು' ಅನ್ನುವ ಅರ್ಥದ ಹಳೆಯ ಧಾತುವಿನಿಂದ ಬಂದಿದ್ದು ಅನ್ನುವುದು ಭಾಷಾತಜ್ಞರು ಸಾಮಾನ್ಯವಾಗಿ ಹೇಳುವ ಮಾತು. ಅದೇ ಧಾತುವಿನಿಂದ ಲ್ಯಾಟಿನ್ ಮೂಲಕ ಇಂಗ್ಲಿಷಿನ 'ಸೌಂಡ್' ಬಂತು. ಸಂಸ್ಕೃತದಲ್ಲಿ 'ಸ್ವನ' ಬಂತು. ನಮ್ಮ ಹಳೆಯ ಕಾವ್ಯಗಳಲ್ಲಿ ಸ್ವನ, ನಿಸ್ವನ ಅಂತ ಬರುತ್ತಲ್ಲ, ಅದೇ. ಅಂದರೆ ಸ್ವಾನ್ ಅಂದರೆ ಸದ್ದು ಮಾಡುವುದು. ಈ ಹೆಸರು ಇಟ್ಟವರು ನೋಡಿದ್ದು ಕೂಗುವ ಹೂಪರ್ ಹಂಸವನ್ನೇ ಇರಬೇಕು.

ಸರಿ, ಸ್ವಾನ್ ಅನ್ನುವುದು ಸ್ವನದ ನೆಂಟ. ಹಾಗಾದರೆ ನಮ್ಮ ಹಂಸ ಯಾರ ನೆಂಟ? ಇಂಗ್ಲಿಷಿನ 'ಗೂಸ್' ನೆಂಟ! ಗೂಸ್ ಅಂದರೆ ಹೆಬ್ಬಾತು. ಲ್ಯಾಟಿನ್ನಿನಲ್ಲಿ ಅದು 'ಆನ್ಸರ್', ಜರ್ಮನ್ನಿನಲ್ಲಿ 'ಗಾನ್ಸ್', ಸಂಸ್ಕೃತದಲ್ಲಿ 'ಹಂಸ'. ಮೂರರಲ್ಲೂ ಮಧ್ಯೆ ಒಂದು ಸೊನ್ನೆ ಕೂತಿದೆ. ಇಂಗ್ಲಿಷ್ ಮಾತ್ರ ಆ ಸೊನ್ನೆಯನ್ನು ನುಂಗಿ ಸ್ವರ ಎಳೆದುಕೊಂಡಿತು. ನಂಬಿಕೆ ಬರದಿದ್ದರೆ ಹಲ್ಲು ನೋಡಿ. ಸಂಸ್ಕೃತದಲ್ಲಿ 'ದಂತ', ಇಂಗ್ಲಿಷಿನಲ್ಲಿ 'ಟೂತ್'. ಅಲ್ಲೂ ಸೊನ್ನೆ ಮಾಯ, ಅಲ್ಲೂ 'ಊ'. ಹಂಸ ಗೂಸ್ ಆಗಿದ್ದೂ, ದಂತ ಟೂತ್ ಆಗಿದ್ದೂ ಒಂದೇ ಲೆಕ್ಕ.

ಹಾಗಾಗಿ ಸ್ವಾನ್ ಸಾಂಗ್ ಅನ್ನು 'ಹಂಸಗೀತೆ' ಅಂದಾಗ, ಪದದ ಹುಟ್ಟಿನ ಲೆಕ್ಕದಲ್ಲಿ ನಾವು ಹೇಳುತ್ತಿರುವುದು ಹೆಬ್ಬಾತಿನ ಹಾಡು ಅಂತ. ಇಂಗ್ಲಿಷರಿಗೆ ಇವೆರಡರ ನಡುವೆ ಆಕಾಶ ಭೂಮಿಯ ಅಂತರ. ಸ್ವಾನ್ ಅಂದರೆ ಚೆಲುವು, ಗಾಂಭೀರ್ಯ. ಗೂಸ್ ಅಂದರೆ ಪೆದ್ದು. 'ಅವನ ಗೂಸ್‌ಗಳೆಲ್ಲ ಸ್ವಾನ್‌ಗಳೇ' ಅನ್ನುವ ಗಾದೆ ಅವರಲ್ಲಿದೆ. ನಾವು ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಜಾಗದಲ್ಲಿ ಬಳಸುವಂಥದ್ದು. ಅದನ್ನು ಕನ್ನಡಕ್ಕೆ ತಂದು 'ಅವನ ಹಂಸಗಳೆಲ್ಲ ಹಂಸಗಳೇ' ಅಂದರೆ ಏನೂ ಉಳಿಯಲ್ಲ.

ನಮ್ಮಲ್ಲಿ ಹಂಸ ಪದ ಹೇಗೂ ಬಹಳ ಧಾರಾಳ. ಬ್ರಹ್ಮನ ವಾಹನವೂ ಅದೇ, ಹಾಲು ನೀರು ಬೇರೆ ಮಾಡುವುದೂ ಅದೇ. ಪತ್ರಿಕೆಗಳು ಫ್ಲೆಮಿಂಗೊ ಬಂದರೆ 'ರಾಜಹಂಸ' ಅಂತ ಬರೆಯುತ್ತವೆ. ಬಸ್‌ಸ್ಟ್ಯಾಂಡಿನಲ್ಲಿ ರಾಜಹಂಸ ಎಷ್ಟೊತ್ತಿಗೆ ಅಂತ ಕೇಳಿದರೆ ಪ್ಲಾಟ್‌ಫಾರಂ ನಂಬರ್ ಹೇಳುತ್ತಾರೆ.

ಇನ್ನೊಂದು ವ್ಯತ್ಯಾಸ ಗಮನಿಸಿ. ಇಂಗ್ಲಿಷಿನವರು ಹಂಸದಲ್ಲಿ ಕತ್ತು ನೋಡಿದರು, ನಾವು ನಡಿಗೆ ನೋಡಿದೆವು. ನಮ್ಮ ಕವಿಗಳ ನಾಯಕಿ ಹಂಸಗಮನೆ. ಅವರದು 'ಸ್ವಾನ್ ನೆಕ್'. ನಮ್ಮ ಅಡುಗೆಮನೆ ನಲ್ಲಿ ಕೆಟ್ಟಾಗ ಬಂದ ಪ್ಲಂಬರ್, "ಸ್ವಾನ್ ನೆಕ್ ಹಾಕ್ಬಿಡ್ಲಾ ಸಾರ್, ದೊಡ್ಡ ಪಾತ್ರೆ ತೊಳೆಯೋಕೆ ಈಜಿ" ಅಂದ. ಮೇಲೆ ಹೋಗಿ ಕಮಾನಿನ ಹಾಗೆ ಬಾಗುವ ನಲ್ಲಿ. ಇದೇ ಆಕಾರದ ಕತ್ತನ್ನು ಗಾಜಿನ ಫ್ಲಾಸ್ಕಿಗೆ ಕೊಟ್ಟು ಲೂಯಿ ಪಾಶ್ಚರ್ 1860ರ ಆಸುಪಾಸಿನಲ್ಲಿ ದೊಡ್ಡ ವಾದವನ್ನೇ ಮುಗಿಸಿದ. ಕುದಿಸಿದ ಸಾರು ಒಳಗೆ, ಗಾಳಿ ಬರಲು ದಾರಿ ತೆರೆದೇ ಇದೆ. ಆದರೆ ಗಾಳಿಯ ಜೊತೆ ಬರುವ ಧೂಳು ಕತ್ತಿನ ಬಾಗಿನಲ್ಲೇ ಸಿಕ್ಕಿಬೀಳುತ್ತದೆ. ಸಾರು ಹಳಸಲೇ ಇಲ್ಲ. ಕತ್ತು ಮುರಿದರೆ ಹಳಸಿತು. ಜೀವಿಗಳು ತಮ್ಮಷ್ಟಕ್ಕೆ ಹುಟ್ಟುವುದಿಲ್ಲ ಅಂತ ಸಾಬೀತಾಯಿತು.

ಕತ್ತಿನ ಬಗ್ಗೆಯೇ ಇನ್ನೊಂದು ಇದೆ. ಇಂಗ್ಲೆಂಡಿನಲ್ಲಿ 'ಸ್ವಾನ್ ವಿತ್ ಟು ನೆಕ್ಸ್' ಅಂತ ಹೆಸರಿರುವ ಹಳೆಯ ಪಬ್‌ಗಳಿವೆ. ಎರಡು ಕತ್ತಿನ ಹಂಸ! ಆ ಬೋರ್ಡ್ ನೋಡಿದ ಕನ್ನಡಿಗರಿಗೆ ಗಂಡಭೇರುಂಡ ನೆನಪಾಗದೇ ಇರಲ್ಲ. ಮೂಲದಲ್ಲಿ ಅದು 'ನೆಕ್ಸ್' ಅಲ್ಲ, 'ನಿಕ್ಸ್' ಅನ್ನುತ್ತಾರೆ. ನಿಕ್ ಅಂದರೆ ಕಚ್ಚು, ಗುರುತಿಗೆ ಹಾಕುವ ಗೀರು. ಅಲ್ಲಿ ತೆರೆದ ನೀರಿನಲ್ಲಿರುವ ಗುರುತಿಲ್ಲದ ಹಂಸಗಳು ರಾಜನ ಸ್ವತ್ತು. ಥೇಮ್ಸ್ ನದಿಯಲ್ಲಿ ದ್ರಾಕ್ಷಾರಸದ ವ್ಯಾಪಾರಿಗಳ ಸಂಘಕ್ಕೂ ಬಣ್ಣಗಾರರ ಸಂಘಕ್ಕೂ 15ನೇ ಶತಮಾನದಿಂದ ಪಾಲಿದೆ. ಬಣ್ಣಗಾರರ ಹಂಸದ ಕೊಕ್ಕಿಗೆ ಒಂದು ಕಚ್ಚು, ದ್ರಾಕ್ಷಾರಸದವರ ಹಂಸಕ್ಕೆ ಎರಡು. ನಮ್ಮಲ್ಲಿ ಕುರಿಯ ಕಿವಿಗೆ ಗುರುತು ಹಾಕುವ ಹಾಗೆಯೇ. ಈಗಲೂ ಪ್ರತಿ ಜುಲೈನಲ್ಲಿ ದೋಣಿಗಳಲ್ಲಿ ಹೋಗಿ ಮರಿ ಎಣಿಸುತ್ತಾರೆ. ಇದಕ್ಕೆ 'ಸ್ವಾನ್ ಅಪ್ಪಿಂಗ್' ಅಂತ ಹೆಸರು. ಮರಿಗಳಿರುವ ಸಂಸಾರ ಕಂಡ ಕೂಡಲೇ 'ಆಲ್ ಅಪ್!' ಅಂತ ಕೂಗಿ ದೋಣಿಗಳಿಂದ ಸುತ್ತುವರಿಯುತ್ತಾರೆ. ಈಗ ಕೊಕ್ಕಿಗೆ ಕಚ್ಚು ಹಾಕಲ್ಲ. ತೂಕ ನೋಡಿ, ಗಾಳದ ದಾರ ಸಿಕ್ಕಿಕೊಂಡಿದೆಯಾ ಅಂತ ಪರೀಕ್ಷಿಸಿ, ಕಾಲಿಗೆ ಉಂಗುರ ತೊಡಿಸಿ ಬಿಡುತ್ತಾರೆ. ಅಂದಹಾಗೆ ಗಂಡು ಹಂಸ 'ಕಾಬ್', ಮರಿ 'ಸಿಗ್ನೆಟ್', ಹೆಣ್ಣು 'ಪೆನ್'. ಬರೆಯುವ ಪೆನ್ ಲ್ಯಾಟಿನ್ನಿನ ಗರಿಯಿಂದ ಬಂದಿದ್ದು. ಉಚ್ಚಾರ ಒಂದೇ ಅಂತ ಎರಡನ್ನೂ ಗಂಟು ಹಾಕಬೇಡಿ.

'ಸ್ವಾನಿಂಗ್ ಅರೌಂಡ್' ಬಗ್ಗೆಯೂ ಆಗಾಗ ಕೇಳುತ್ತಾರೆ. ಕೆಲಸ ಬಿಟ್ಟು ಠೀವಿಯಿಂದ ಅಡ್ಡಾಡಿಕೊಂಡಿರೋದು. ಎರಡನೇ ಮಹಾಯುದ್ಧದ ಹೊತ್ತಿನ ಬ್ರಿಟಿಷ್ ಸೈನಿಕರ ಆಡುಮಾತು. ಗೊತ್ತುಗುರಿ ಇಲ್ಲದೆ ಸುಮ್ನೆ ಸುತ್ತುವ ಟ್ಯಾಂಕುಗಳಿಗೆ ಹೀಗನ್ನುತ್ತಿದ್ದರು.

ಉಳಿದಿದ್ದು 'ಬ್ಲ್ಯಾಕ್ ಸ್ವಾನ್'. ಷೇರು ಮಾರ್ಕೆಟ್ ಬಿದ್ದಾಗಲೆಲ್ಲ ಟೀವಿಯಲ್ಲಿ ಕೇಳುತ್ತೀರಿ. ರೋಮಿನ ಕವಿ ಜುವೆನಾಲ್, ಎಲ್ಲ ಗುಣ ಇರುವ ಹೆಂಡತಿ ಸಿಗೋದು ಕಪ್ಪು ಹಂಸದಷ್ಟು ಅಪರೂಪ ಅಂತ ವ್ಯಂಗ್ಯ ಮಾಡಿದ್ದ. ಯುರೋಪಿನಲ್ಲಿ ಹಂಸ ಅಂದರೆ ಬಿಳಿ, ಹಾಗಾಗಿ ಕಪ್ಪು ಹಂಸ ಅಂದರೆ ಇಲ್ಲದ್ದು. ನಮ್ಮ ಮೊಲದ ಕೊಂಬು, ಗಗನಕುಸುಮದ ಹಾಗೆ. 1697ರ ಜನವರಿಯಲ್ಲಿ ವಿಲೆಮ್ ಡಿ ವ್ಲಾಮಿಂಗ್ ಅನ್ನುವ ಡಚ್ ನಾವಿಕ ಪಶ್ಚಿಮ ಆಸ್ಟ್ರೇಲಿಯಾದ ಒಂದು ನದಿಗೆ ದೋಣಿ ಇಳಿಸಿದ. ನೋಡಿದರೆ ಕಣ್ಣೆದುರಿಗೇ ಕಪ್ಪು ಹಂಸಗಳು! ನದಿಗೆ ಹಂಸನದಿ ಅಂತಲೇ ಹೆಸರಿಟ್ಟ. ಈಗಿನ ಪರ್ತ್ ನಗರ ಇರುವುದು ಅದರ ದಡದಲ್ಲಿ. ನಾಳೆ ಕೊಪ್ಪದ ತೋಟದಲ್ಲಿ ಕೊಂಬಿರುವ ಮೊಲ ಸಿಕ್ಕರೆ ನಮ್ಮ ಗಾದೆಯ ಗತಿ ಏನು, ಯೋಚಿಸಿ. ನಸೀಮ್ ತಾಲೆಬ್ 2007ರಲ್ಲಿ ಇದೇ ಹೆಸರಿನ ಪುಸ್ತಕ ಬರೆದ ಮೇಲೆ ಅರ್ಥ ಇನ್ನೊಂದು ಕಡೆ ಹೊರಳಿತು. ಯಾರೂ ಊಹಿಸದ, ಬಂದರೆ ಎಲ್ಲ ಬುಡಮೇಲು ಮಾಡುವ ಘಟನೆ. ಕೋವಿಡ್ ಬಂದಾಗ ಎಲ್ಲರೂ ಅದನ್ನು ಬ್ಲ್ಯಾಕ್ ಸ್ವಾನ್ ಅಂದರು. ಇಂಥದ್ದು ಬರುತ್ತೆ ಅಂತ ಮೊದಲೇ ಗೊತ್ತಿತ್ತು, ಇದು ಬಿಳಿ ಹಂಸ ಅಂತ ತಾಲೆಬ್ ತಾನೇ ತಗಾದೆ ತೆಗೆದರು.

ಕೊನೆಗೆ, ನಮ್ಮ ಹಂಸವನ್ನು ನೋಡಬೇಕು ಅನ್ನುವವರಿಗೆ. ಯುರೋಪಿನ ಸ್ವಾನ್ ಭಾರತಕ್ಕೆ ಬರುವುದೇ ಅಪರೂಪ, ಬಂದರೂ ವಾಯುವ್ಯದ ಕಡೆ. ಹಳೆಯ ಕವಿಗಳ ಹಂಸ, ಮಾನಸ ಸರೋವರಕ್ಕೆ ಹಾರಿಹೋಗುವ ಹಂಸ, ಬಹುಮಟ್ಟಿಗೆ ಪಟ್ಟೆತಲೆಯ ಹೆಬ್ಬಾತು ಅನ್ನುವವರು ಬಹಳ ಜನ. ಹಿಮಾಲಯವನ್ನೇ ದಾಟಿ ಬರುವ ಹಕ್ಕಿ. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಗೆರೆ. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಸಾವಿರಗಟ್ಟಲೆ ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿಗೂ ಸೇರಿತು. ರಾತ್ರಿ ಹೊಲಗಳಲ್ಲಿ ಮೇಯ್ದು ಬೆಳಿಗ್ಗೆ ಸಾಲುಸಾಲಾಗಿ ಕೆರೆಗೆ ಇಳಿಯುವಾಗ 'ಆಂಗ್ ಆಂಗ್' ಅಂತ ಕೂಗುತ್ತವೆ. ಹಾಡು ಅಂತ ಹೇಳಲಾರೆ, ಕೇಳಿದರೆ ಮರೆಯಲ್ಲ.

ನಾನು ಹೋದಾಗ ಏರಿಯ ಮೇಲೆ ಒಬ್ಬ ಶಾಲೆ ಹುಡುಗ ನನ್ನ ಪಕ್ಕ ಬಂದು ನಿಂತ. ಫೋನಿನಲ್ಲಿ ಆ ಹಕ್ಕಿಯ ವೈಜ್ಞಾನಿಕ ಹೆಸರು ತೆಗೆದು ಜೋರಾಗಿ ಓದಿದೆ, 'ಆನ್ಸರ್ ಇಂಡಿಕಸ್'. ಲ್ಯಾಟಿನ್ನಿನ ಅದೇ ಆನ್ಸರ್, ಅಂದರೆ ಭಾರತದ ಹಂಸ. ಹುಡುಗ ಒಂದು ಕ್ಷಣ ಯೋಚಿಸಿ ಕೇಳಿದ.

"ಆನ್ಸರ್ ಐತಿ ಖರೆ. ಕ್ವೆಶ್ಚನ್ ಎಲ್ಲೈತ್ರೀ ಸರ?"