ನಕಲಿ ಹೋಂಸ್ಟೇ ಖಾತೆ, ಸುಳ್ಳು ವಿಮರ್ಶೆ: ‘ದೂರು’ ಎಂಬ ಪದದಲ್ಲಿ ನಾನು ಎಡವಿದ್ದು

ಮೂಡಿಗೆರೆ ಬಳಿ ನನ್ನ ಅತ್ತಿಗೆ ಮೂರು ಕೋಣೆಗಳ ಹೋಂಸ್ಟೇ ನಡೆಸುತ್ತಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ಯಾರೋ ಅದೇ ಹೆಸರಿನಲ್ಲಿ, ಅದೇ ಅಂಗಳದ ಫೋಟೊ ಹಾಕಿ ಇನ್‌ಸ್ಟಾಗ್ರಾಂ ಖಾತೆ ತೆರೆದರು. ಯುಪಿಐ ಮೂಲಕ ಮುಂಗಡ ಹಣ ಹಾಕಿಸಿಕೊಳ್ಳಲು ಶುರುಮಾಡಿದರು. ಒಂದು ಶನಿವಾರ ರಾತ್ರಿ ಬೆಂಗಳೂರಿನ ಕುಟುಂಬವೊಂದು ಗೇಟಿನ ಮುಂದೆ ಬಂದು ನಿಂತಾಗಲೇ ಅತ್ತಿಗೆಗೆ ವಿಷಯ ಗೊತ್ತಾಯಿತು. ಅದರ ಬೆನ್ನಿಗೇ ಗೂಗಲ್ ಮ್ಯಾಪ್‌ನಲ್ಲಿ ಒಂದು ನಕ್ಷತ್ರದ ವಿಮರ್ಶೆಗಳು ಬಂದವು: ‘ಇವರು ಕಳ್ಳರು, ಮುಂಗಡ ನುಂಗುತ್ತಾರೆ.’ ಬರೆದವರಲ್ಲಿ ಒಬ್ಬರ ಹೆಸರೂ ಅತಿಥಿಗಳ ಪುಸ್ತಕದಲ್ಲಿಲ್ಲ.

ಅತ್ತಿಗೆ ಠಾಣೆಗೆ ಹೋದರು. ‘ಮಾನನಷ್ಟ ಅಸಂಜ್ಞೇಯ ಅಪರಾಧ, ನ್ಯಾಯಾಲಯಕ್ಕೆ ಹೋಗಿ’ ಎಂಬ ಹಿಂಬರಹ (ಠಾಣೆಯ ಲಿಖಿತ ಉತ್ತರ) ಹಿಡಿದುಕೊಂಡು ಬಂದರು. ಅಸಂಜ್ಞೇಯ ಎಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲದ ಅಪರಾಧ; ಸಂಜ್ಞೇಯ ಎಂದರೆ ಅವರೇ ನೇರವಾಗಿ ತನಿಖೆ ಮಾಡಬಹುದಾದದ್ದು. ‘ನೀನು ಹಾಸನದಲ್ಲಿ ಕಾನೂನನ್ನೇ ಓದುತ್ತಿದ್ದೀಯಲ್ಲ, ಇದು ಸರಿಯೇ ಹೇಳು’ ಎಂದು ಕೇಳಿದರು. ಉತ್ತರ ಹುಡುಕಲು ನನಗೆ ಎರಡು ವಾರ ಬೇಕಾಯಿತು. ಜೊತೆಗೆ ಓದುತ್ತಿರುವವರಿಗೆ ನೆರವಾಗಲೆಂದು ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ಹಳೆಯ ಸಂಖ್ಯೆ, ಹೊಸ ಸಂಖ್ಯೆ

2024ರ ಜುಲೈ 1ರಿಂದ ಈಚೆಗೆ ನಡೆದ ಕೃತ್ಯಕ್ಕೆ ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ. ಮಾನನಷ್ಟದ ಬಗೆಗಿನ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) ಸೆಕ್ಷನ್ 499 ಮತ್ತು 500 ಸೇರಿ ಈಗ 356 ಆಗಿವೆ. ಶಿಕ್ಷೆ ಎರಡು ವರ್ಷದವರೆಗಿನ ಸಾದಾ ಸೆರೆವಾಸ, ಅಥವಾ ದಂಡ, ಅಥವಾ ಎರಡೂ. ಸಮುದಾಯ ಸೇವೆ ಹೊಸದಾಗಿ ಸೇರಿದೆ. ಸೋಗು ಹಾಕಿ ವಂಚಿಸುವುದು 319, ಐದು ವರ್ಷದವರೆಗೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಹಾಗೆಯೇ ಉಳಿದಿದೆ: ಫೋನು ಅಥವಾ ಕಂಪ್ಯೂಟರ್ ಬಳಸಿ, ಇನ್ನೊಬ್ಬರಂತೆ ನಟಿಸಿ ವಂಚಿಸಿದರೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಯಾರಾದರೂ ಆಕ್ಷೇಪಾರ್ಹ ಸಂದೇಶಗಳ ಬಗೆಗಿನ 66ಎ ಹೆಸರು ಎತ್ತಿದರೆ ಕೇಳಬೇಡಿ. ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ಅದನ್ನು ರದ್ದು ಮಾಡಿದೆ.

ನಾನು ಎಡವಿದ ಜಾಗ

ಕನ್ನಡದಲ್ಲಿ ಪೊಲೀಸರಿಗೆ ಕೊಡುವುದೂ ದೂರು, ಮ್ಯಾಜಿಸ್ಟ್ರೇಟರ ಮುಂದೆ ಸಲ್ಲಿಸುವುದೂ ದೂರು. ನನ್ನ ಗೊಂದಲವೆಲ್ಲ ಹುಟ್ಟಿದ್ದು ಇಲ್ಲಿಂದಲೇ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಪ್ರಕ್ರಿಯೆಯ ಹೊಸ ಕಾನೂನು) ಸೆಕ್ಷನ್ 222 ಹೇಳುವುದು ಇಷ್ಟು: ನೊಂದ ವ್ಯಕ್ತಿ ದೂರು ಕೊಟ್ಟ ಹೊರತು ಯಾವ ನ್ಯಾಯಾಲಯವೂ ಮಾನನಷ್ಟ ಪ್ರಕರಣವನ್ನು ಕೈಗೆತ್ತಿಕೊಳ್ಳುವಂತಿಲ್ಲ. ಇದನ್ನು ಓದಿದಾಗ ‘ಅತ್ತಿಗೆ ಠಾಣೆಯಲ್ಲಿ ದೂರು ಕೊಟ್ಟಿದ್ದಾರಲ್ಲ, ಇನ್ನೇನು ಬೇಕು?’ ಎಂದುಕೊಂಡೆ. ತಪ್ಪು. ಅದೇ ಸಂಹಿತೆಯ 2(1)(ಎಚ್) ಪ್ರಕಾರ ‘ದೂರು’ ಎಂದರೆ ಕ್ರಮ ಕೈಗೊಳ್ಳಲೆಂದು ಮ್ಯಾಜಿಸ್ಟ್ರೇಟರಿಗೆ ಮಾಡುವ ನಿವೇದನೆ. ಠಾಣೆಯಲ್ಲಿ ಕೊಡುವುದು ಕಾನೂನಿನ ಕಣ್ಣಿಗೆ ‘ಮಾಹಿತಿ’ ಮಾತ್ರ. ಎಫ್‌ಐಆರ್‌ನ ‘ಐ’ ಅಕ್ಷರ (ಇನ್ಫರ್ಮೇಶನ್) ಸೂಚಿಸುವುದೂ ಅದನ್ನೇ. ಗೊಂದಲ ಬೇಡವೆಂದೇ ವಕೀಲರು ಮ್ಯಾಜಿಸ್ಟ್ರೇಟರ ಮುಂದಿನದನ್ನು ‘ಖಾಸಗಿ ದೂರು’ ಎನ್ನುತ್ತಾರೆ. ನಾನೂ ಇನ್ನು ಮುಂದೆ ಹಾಗೆಯೇ ಬರೆಯುತ್ತೇನೆ.

ಮುಂದಿನ ಹೆಜ್ಜೆಯಲ್ಲಿ ಮತ್ತೆ ಮುಗ್ಗರಿಸಿದೆ. ಸೆಕ್ಷನ್ 174(4) ಪ್ರಕಾರ, ಒಂದೇ ಪ್ರಕರಣದಲ್ಲಿ ಹಲವು ಅಪರಾಧಗಳಿದ್ದು ಅವುಗಳಲ್ಲಿ ಒಂದಾದರೂ ಸಂಜ್ಞೇಯವಾಗಿದ್ದರೆ ಇಡೀ ಪ್ರಕರಣವೇ ಸಂಜ್ಞೇಯ ಎಂದು ಭಾವಿಸಲಾಗುತ್ತದೆ. 66ಡಿ ಸಂಜ್ಞೇಯ. ಅಂದ ಮೇಲೆ ಅದರ ಬೆನ್ನೇರಿ ಮಾನನಷ್ಟವೂ ಪೊಲೀಸರ ಆರೋಪಪಟ್ಟಿಯೊಳಗೆ ಹೋಗಬಹುದಲ್ಲ? ಹೋಗದು. 174 ಮಾತನಾಡುವುದು ತನಿಖೆಯ ಬಗ್ಗೆ, ಅಂದರೆ ಪೊಲೀಸರು ಏನು ಮಾಡಬಹುದು ಎಂಬುದರ ಬಗ್ಗೆ. 222 ಮಾತನಾಡುವುದು ನ್ಯಾಯಾಲಯ ಏನನ್ನು ಕೈಗೆತ್ತಿಕೊಳ್ಳಬಹುದು ಎಂಬುದರ ಬಗ್ಗೆ. ಪೊಲೀಸರು ಎಲ್ಲವನ್ನೂ ಒಟ್ಟಿಗೆ ತನಿಖೆ ಮಾಡಿದರೂ ಮಾನನಷ್ಟದ ಪಾಲಿಗೆ ನೊಂದವರ ಖಾಸಗಿ ದೂರು ಬೇಕೇ ಬೇಕು.

ಇಷ್ಟಕ್ಕೂ ಬಿಡದೆ ಇನ್ನೊಂದು ಸಂದು ಹುಡುಕಿದೆ. 2(1)(ಎಚ್)ಗೆ ಒಂದು ವಿವರಣೆ ಇದೆ: ತನಿಖೆಯ ನಂತರ ಅಸಂಜ್ಞೇಯ ಅಪರಾಧ ಕಂಡುಬಂದರೆ ಪೊಲೀಸ್ ವರದಿಯನ್ನೇ ದೂರು ಎಂದು ಭಾವಿಸಬಹುದು. ದಾರಿ ಸಿಕ್ಕಿತು ಎಂದು ಖುಷಿಪಟ್ಟೆ. ಆದರೆ ಅದೇ ವಾಕ್ಯದ ಕೊನೆ, ಆಗ ಪೊಲೀಸ್ ಅಧಿಕಾರಿಯೇ ದೂರುದಾರ ಎನ್ನುತ್ತದೆ. ಮಾನ ಹೋದದ್ದು ಅಧಿಕಾರಿಯದ್ದಲ್ಲ, ಅತ್ತಿಗೆಯದ್ದು. 222 ಕೇಳುವುದು ‘ನೊಂದ ವ್ಯಕ್ತಿ’ಯನ್ನು. ಆ ಸಂದೂ ಮುಚ್ಚಿತು. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ 2, 174, 222 ಈ ಮೂರನ್ನೂ ಅಕ್ಕಪಕ್ಕ ಇಟ್ಟುಕೊಂಡು ಉತ್ತರಿಸಿ.

ಹಾಗಾದರೆ ಹಿಂಬರಹ ಸರಿಯೇ? ಅರ್ಧ ಸರಿ. ವಿಮರ್ಶೆಗಳ ಮಟ್ಟಿಗೆ ಸರಿ. ನಕಲಿ ಖಾತೆ ತೆರೆದು ಹಣ ಪಡೆದದ್ದರ ಮಟ್ಟಿಗೆ ಖಂಡಿತ ತಪ್ಪು. ಅದಕ್ಕೆ ಎಫ್‌ಐಆರ್ ಆಗಲೇಬೇಕಿತ್ತು. ಅತ್ತಿಗೆಯ ಅರ್ಜಿ ನೋಡಿದೆ. ಮೊದಲ ಪುಟ ಪೂರ್ತಿ ‘ನನ್ನ ಮಾನ ಕಳೆದರು’ ಎಂಬ ಅಳಲು; ವಂಚನೆಯ ಮಾತು ಕೊನೆಯ ಸಾಲಿನಲ್ಲಿತ್ತು. ನೋವು ಎಲ್ಲಿದೆಯೋ ಅಲ್ಲಿಂದಲೇ ಮಾತು ಶುರುವಾಗುವುದು ಸಹಜ. ಆದರೂ ಅರ್ಜಿಯಲ್ಲಿ ಸೋಗು ಮತ್ತು ಹಣ ಮೊದಲು ಬರಬೇಕು. ಎರಡನೇ ಅರ್ಜಿಯನ್ನು ಹಾಗೆ ಬರೆದು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಕೊಟ್ಟೆವು. ಐಟಿ ಕಾಯ್ದೆಯ ಅಪರಾಧಗಳನ್ನು ಇನ್ಸ್‌ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ ಎಂದು ಸೆಕ್ಷನ್ 78 ಹೇಳುತ್ತದೆ, ಇದು ನೆನಪಿರಲಿ. ಠಾಣೆಯವರು ದಾಖಲಿಸಲು ಒಪ್ಪದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 173(4)ರಡಿ ಎಸ್‌ಪಿಯವರಿಗೆ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ. ಹಣ ಕಳೆದುಕೊಂಡ ಅತಿಥಿ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಕೈಯಿಂದ ಕೈಗೆ ದಾಟಿದ ಮೇಲೆ ಅದನ್ನು ತಡೆಹಿಡಿಯುವುದು ಕಷ್ಟ.

ಸಾಕ್ಷ್ಯ

ಅತ್ತಿಗೆ ಸ್ಕ್ರೀನ್‌ಶಾಟ್‌ಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ನನಗೆ ಕಳುಹಿಸಿ, ಜಾಗ ಸಾಲದೆಂದು ಮೂಲವನ್ನು ಅಳಿಸಲು ಹೊರಟಿದ್ದರು. ಸದ್ಯ, ತಡೆದೆ. ಎಲೆಕ್ಟ್ರಾನಿಕ್ ದಾಖಲೆಯನ್ನು ಸಾಕ್ಷ್ಯವಾಗಿ ಒಪ್ಪಿಸುವಾಗ ಕೊಡಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಮೌಲ್ಯ ಬರೆಯಬೇಕು. ಹ್ಯಾಶ್ ಎಂದರೆ ಕಡತದ ಬೆರಳಚ್ಚು ಇದ್ದಂತೆ. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಅದು ಬೇರೆಯಾಗುತ್ತದೆ. ವಾಟ್ಸ್‌ಆ್ಯಪ್ ಫೋಟೊಗಳನ್ನು ಕುಗ್ಗಿಸಿ ಕಳುಹಿಸುವುದರಿಂದ ಹ್ಯಾಶ್ ಮೂಲದ್ದಕ್ಕೆ ಹೊಂದುವುದಿಲ್ಲ. ‘ಡಾಕ್ಯುಮೆಂಟ್’ ಆಗಿ ಕಳುಹಿಸಿ, ಮೂಲ ಫೋನನ್ನೂ ಇಟ್ಟುಕೊಳ್ಳಿ. ಪ್ರಮಾಣಪತ್ರದ ‘ಎ’ ಭಾಗವನ್ನು ನಾವು, ‘ಬಿ’ ಭಾಗವನ್ನು ತಜ್ಞರು ತುಂಬಬೇಕು. ಚಿತ್ರದಲ್ಲಿ ಖಾತೆಯ ಪೂರ್ತಿ ವಿಳಾಸ, ದಿನಾಂಕ ಕಾಣಿಸಲಿ.

ಸಿವಿಲ್ ದಾವೆ: ಒಂದೇ ವರ್ಷ

ಕ್ರಿಮಿನಲ್ ಮಾನನಷ್ಟಕ್ಕೆ ಮೂರು ವರ್ಷ ಕಾಲಾವಕಾಶವಿದೆ. ಪರಿಹಾರ ಕೇಳುವ ಸಿವಿಲ್ ದಾವೆಗೆ ಕಾಲಪರಿಮಿತಿ ಕಾಯ್ದೆಯ 75ನೇ ವಿಧಿಯಂತೆ ಪ್ರಕಟವಾದ ದಿನದಿಂದ ಒಂದೇ ವರ್ಷ. ಬರಹ ಇನ್ನೂ ಅಂತರ್ಜಾಲದಲ್ಲಿದೆ, ಹಾಗಾಗಿ ಅವಧಿ ದಿನದಿನವೂ ಹೊಸದಾಗಿ ಶುರುವಾಗುತ್ತದೆ ಎಂಬ ವಾದವನ್ನು ದೆಹಲಿ ಹೈಕೋರ್ಟ್ 2013ರ ಖಾವರ್ ಬಟ್ ಪ್ರಕರಣದಲ್ಲಿ ಒಪ್ಪಲಿಲ್ಲ. ಪೊಲೀಸರು ಆರೋಪಿಯ ಹೆಸರು ಹುಡುಕಲಿ, ಆಮೇಲೆ ನೋಡೋಣ ಎಂದು ಕೂತರೆ ವರ್ಷ ಕಳೆದೇ ಹೋಗುತ್ತದೆ. ಹೆಸರು ಗೊತ್ತಿಲ್ಲದ ಪ್ರತಿವಾದಿಯ ಮೇಲೂ ದಾವೆ ಹೂಡಬಹುದು. ನಮ್ಮ ನ್ಯಾಯಾಲಯಗಳು ಅಂಥವರಿಗೆ ‘ಅಶೋಕ್ ಕುಮಾರ್’ ಎಂದು ಹೆಸರಿಟ್ಟಿವೆ.

ದಾವೆ ಎಲ್ಲಿ? ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 19ರ ದೃಷ್ಟಾಂತವೇ ಮಾನನಷ್ಟದ್ದು: ದೆಹಲಿಯಲ್ಲಿರುವ ವ್ಯಕ್ತಿ ಕಲ್ಕತ್ತೆಯಲ್ಲಿ ಮಾನಹಾನಿಕರ ಮಾತು ಪ್ರಕಟಿಸಿದರೆ ಎರಡರಲ್ಲಿ ಎಲ್ಲಿ ಬೇಕಾದರೂ ದಾವೆ ಹೂಡಬಹುದು. ಮಾನಕ್ಕೆ ಪೆಟ್ಟು ಬಿದ್ದ ಊರಿನಲ್ಲೇ ಕೇಳಬಹುದು ಎಂಬ ವಾದಕ್ಕೆ ನಮ್ಮ ಆಧಾರ ಇದು. ಒಂದು ಎಚ್ಚರಿಕೆ: ಒಬ್ಬರೇ ಮಾಲೀಕರಾಗಿದ್ದರೆ ವಾದಿಯ ಜಾಗದಲ್ಲಿ ಮಾಲೀಕರ ಹೆಸರಿರಬೇಕು, ಹೋಂಸ್ಟೇಯ ಹೆಸರಲ್ಲ. ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿದ್ದರೆ ಟ್ರೇಡ್‌ಮಾರ್ಕ್ ಕಾಯ್ದೆಯ 134(2)ರಂತೆ ತಾನು ವ್ಯಾಪಾರ ನಡೆಸುವ ಜಿಲ್ಲೆಯಲ್ಲೇ ಹೆಸರಿನ ದುರ್ಬಳಕೆಗೂ ದಾವೆ ಹೂಡಬಹುದು. ನೋಂದಣಿ ಇಲ್ಲದವರಿಗೆ ಆ ಅನುಕೂಲವಿಲ್ಲ. ವ್ಯಕ್ತಿಗಳಿಗೆ, ಸಣ್ಣ ಉದ್ದಿಮೆಗಳಿಗೆ ನೋಂದಣಿಯ ಆನ್‌ಲೈನ್ ಅರ್ಜಿ ಶುಲ್ಕ ಸರಕು ಅಥವಾ ಸೇವೆಯ ಒಂದು ವರ್ಗಕ್ಕೆ 4,500 ರೂಪಾಯಿ.

ಬರಹ ತೆಗೆಸುವುದು

ನಕಲಿ ಖಾತೆಯನ್ನು ಆಯಾ ವೇದಿಕೆಯ ಕುಂದುಕೊರತೆ ಅಧಿಕಾರಿಗೆ ವರದಿ ಮಾಡಿ. ಸ್ಪಂದಿಸದಿದ್ದರೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಗೆ 30 ದಿನದೊಳಗೆ ಹೋಗಬಹುದು. ಮಾನಹಾನಿಕರ ವಿಮರ್ಶೆಯ ದಾರಿ ಬೇರೆ: ಶ್ರೇಯಾ ಸಿಂಘಾಲ್ ತೀರ್ಪಿನ ನಂತರ ನಮ್ಮ ನೋಟಿಸ್ ಮಾತ್ರದಿಂದ ವೇದಿಕೆಯ ಕಾನೂನು ರಕ್ಷಣೆ (ಬೇರೆಯವರು ಬರೆದದ್ದಕ್ಕೆ ತಾನು ಹೊಣೆಯಲ್ಲ ಎಂಬುದು) ಹೋಗುವುದಿಲ್ಲ, ನ್ಯಾಯಾಲಯದ ಆದೇಶ ಬೇಕು.

ನಿಜವಾಗಿ ತಂಗಿದ್ದ ಅತಿಥಿ ‘ಬಿಸಿನೀರು ಬರಲಿಲ್ಲ, ದುಡ್ಡು ದಂಡ’ ಎಂದು ಬರೆದರೆ ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ 356ರ ಮೊದಲ ಅಪವಾದ. ಅತ್ತಿಗೆಯ ಹೋಂಸ್ಟೇಗೂ ಅಂಥ ಎರಡು ವಿಮರ್ಶೆಗಳಿದ್ದವು. ಅವುಗಳಿಗೆ ಅವರು ಉತ್ತರ ಬರೆದು, ಗೀಸರ್ ಬದಲಿಸಿದರು.

ಖರ್ಚಿನ ಭಯವೇ ದೊಡ್ಡದಾಗಿದ್ದವರಿಗೆ ಕೊನೆಯದೊಂದು ಮಾತು: ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ ಸೆಕ್ಷನ್ 12ರ ಪಟ್ಟಿಯಲ್ಲಿ ಮಹಿಳೆಯರಿದ್ದಾರೆ, ಅವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿನ ಅರ್ಹತೆ ಇದೆ. ಅತ್ತಿಗೆ ಚಿಕ್ಕಮಗಳೂರಿನ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟಿದ್ದಾರೆ. ಮೊದಲ ಸುಳ್ಳು ವಿಮರ್ಶೆ ಬಂದ ದಿನಕ್ಕೆ ಒಂದು ವರ್ಷ ತುಂಬುವ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಸುತ್ತಿದ್ದೇವೆ.