ತರಬೇತಿಗಿಂತ ಮೊದಲು ಬಜೆಟ್ ನೋಡಿ

ಸ್ವಯಂಸೇವಾ ಸಂಸ್ಥೆಗಳಿಂದ ನನಗೆ ಬರುವ ಕರೆಗಳು ಹೆಚ್ಚುಕಮ್ಮಿ ಒಂದೇ ತರಹ. "ನಮ್ಮ ಸಿಬ್ಬಂದಿ ತುಂಬಾ ಸೋತುಹೋಗಿದ್ದಾರೆ. ಸ್ಟ್ರೆಸ್ ಕಡಿಮೆ ಮಾಡೋಕೆ ಒಂದು ದಿನದ ತರಬೇತಿ ಕೊಡ್ತೀರಾ?" ಕೊಡಬಹುದು. ಆದರೆ ನಾನು ಮೊದಲು ಕೇಳುವುದು ಬಜೆಟ್ ಹಾಳೆ ಮತ್ತು ರಜೆಯ ರಿಜಿಸ್ಟರ್. ತೊಂದರೆ ಬಹಳ ಸಲ ಅಲ್ಲೇ ಸಿಗುತ್ತದೆ.

ಹೀಗೆ ಕೆಲಸದಲ್ಲೇ ಸೋತು ಬಸವಳಿಯುವುದಕ್ಕೆ ಬರ್ನ್‌ಔಟ್ ಅನ್ನುತ್ತಾರೆ. ಅದು ದೊಡ್ಡ ಕಂಪನಿಗಳ ಕಾಯಿಲೆ ಅಂತ ಅನೇಕರು ತಿಳಿದಿದ್ದಾರೆ. ಆದರೆ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಅದರ ಬಗ್ಗೆ ಬರೆದದ್ದು ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದ ಅನುಭವದಿಂದ. ಅಲ್ಲಿನ ಸ್ವಯಂಸೇವಕರ ಜೊತೆ ಅವರೂ ದುಡಿಯುತ್ತಿದ್ದರು. ಮನಸ್ಸಿಟ್ಟು ದುಡಿಯುವವರೇ ಬೇಗ ಬಳಲುತ್ತಾರೆ ಅನ್ನುವುದು ಅವರಿಗೆ ಕಂಡಿತ್ತು. ವಿಶ್ವ ಆರೋಗ್ಯ ಸಂಸ್ಥೆ ಕೂಡ 2019ರಲ್ಲಿ ಇದನ್ನು ರೋಗ ಅನ್ನಲಿಲ್ಲ. ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಅಂದಿತು. ನಿಭಾಯಿಸಬೇಕಾದವರು ಯಾರು? ಹೆಚ್ಚಿನ ಪಾಲು ಕೆಲಸ ಕೊಟ್ಟ ಸಂಸ್ಥೆಯೇ ಅಲ್ವಾ?

ಇದಕ್ಕೆ ಮೂರು ಲಕ್ಷಣ ಹೇಳುತ್ತಾರೆ: ವಿಪರೀತ ಆಯಾಸ, ಕೆಲಸದಿಂದ ಮನಸ್ಸು ದೂರವಾಗುವುದು, ನನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ನಾನು ಜಾಸ್ತಿ ಗಮನ ಕೊಡುವುದು ಎರಡನೆಯದಕ್ಕೆ. ಪ್ರತಿ ಮನೆಯವರನ್ನೂ ಹೆಸರು ಹಿಡಿದು ಮಾತಾಡಿಸುತ್ತಿದ್ದವರು ಒಂದು ದಿನ "ಈ ಜನ ಬದಲಾಗಲ್ಲ ಬಿಡಿ" ಅಂದರೆ, ಅವರು ಕೆಟ್ಟವರಾಗಿಲ್ಲ. ಬಸವಳಿದಿದ್ದಾರೆ.

ಯಾಕೆ ಬಸವಳಿದರು ಅಂತ ನೋಡಿ. ಒಬ್ಬ ಕಾರ್ಯಕರ್ತೆ ಹಗಲೆಲ್ಲ ಮನೆಮನೆ ಸುತ್ತಿ ಸಂಜೆ ಕಚೇರಿಗೆ ಬರುತ್ತಾರೆ. ಮೂವರು ದಾನಿಗಳಿಗೆ ಮೂರು ಫಾರ್ಮ್. ಒಬ್ಬರಿಗೆ ತಿಂಗಳ ವರದಿ, ಇನ್ನೊಬ್ಬರಿಗೆ ಮೂರು ತಿಂಗಳಿಗೊಮ್ಮೆ, ಮತ್ತೊಬ್ಬರಿಗೆ ಫೋಟೊ ಸಮೇತ. ಒಂದೇ ಸಭೆಯ ಹಾಜರಿಯನ್ನು ಮೂರು ಕಡೆ ತುಂಬಬೇಕು. ಇದಕ್ಕೆ ಧ್ಯಾನದ ಆ್ಯಪ್ ಮದ್ದಲ್ಲ. ಸಂಸ್ಥೆಯೇ ಒಂದು ಸಾಮಾನ್ಯ ಫಾರ್ಮ್ ಮಾಡಿ, "ಇದನ್ನೇ ಒಪ್ಪಿಕೊಳ್ತೀರಾ?" ಅಂತ ದಾನಿಗಳನ್ನು ಕೇಳಬೇಕು. ಒಪ್ಪುವವರು ಇರುತ್ತಾರೆ. ಹಣ ಕೈತಪ್ಪೀತು ಅನ್ನುವ ಭಯಕ್ಕೆ ನಾವು ಕೇಳುವುದೇ ಇಲ್ಲ.

ಈ ಭಯದ ಹಿಂದೆ ಒಂದು ಸುಳಿ ಇದೆ. 2009ರಲ್ಲಿ ಸ್ವಯಂಸೇವಾ ಸಂಸ್ಥೆಗಳ ಸಲಹೆಗಾರರಾದ ಅಮೆರಿಕದ ಆನ್ ಗ್ರೆಗೊರಿ ಮತ್ತು ಡಾನ್ ಹೊವರ್ಡ್ ಅದನ್ನು ಬಿಡಿಸಿ ತೋರಿಸಿದರು. ಆಡಳಿತದ ಖರ್ಚು ತೀರಾ ಕಡಿಮೆ ಇರಬೇಕು ಅಂತ ದಾನಿ ಬಯಸುತ್ತಾರೆ. ಸಂಸ್ಥೆ ಅದನ್ನು ಕಡಿಮೆ ಮಾಡಿ ತೋರಿಸುತ್ತದೆ. ಹಾಗಿದ್ದರೆ ಇಷ್ಟೇ ಸಾಕು ಅಂತ ದಾನಿಗೆ ಖಾತ್ರಿಯಾಗುತ್ತದೆ. ಆ ಕೊರತೆ ತುಂಬುವುದು ಸಿಬ್ಬಂದಿಯ ಭಾನುವಾರಗಳು.

ಸಂಸ್ಥೆ ಎಷ್ಟು ಗಟ್ಟಿ ಅಂತ ತಿಳಿಯಲು ನನ್ನದೊಂದು ಪ್ರಶ್ನೆ: ಸಿಬ್ಬಂದಿಯಲ್ಲಿ ಒಬ್ಬರು ಎರಡು ವಾರ ರಜೆ ಹೋದರೆ ಯಾವ ಕೆಲಸ ನಿಲ್ಲುತ್ತದೆ? ಉತ್ತರ ಬಂದ ಕಡೆಯೆಲ್ಲ ಇನ್ನೊಬ್ಬರಿಗೆ ಕೆಲಸ ಕಲಿಸಿಡಿ. ಪಾಸ್‌ವರ್ಡ್, ಕಡತ, ದಾನಿಯ ಫೋನ್ ನಂಬರು, ಎಲ್ಲವೂ ಇಬ್ಬರಿಗೆ ಗೊತ್ತಿರಲಿ. ಸಂಸ್ಥಾಪಕರು ತಾವೇ ಮೊದಲು ರಜೆ ಹಾಕಬೇಕು. ರಾತ್ರಿ ಹನ್ನೊಂದಕ್ಕೆ ಅವರ ಮೆಸೇಜ್ ಬಂದರೆ, "ನಾಳೆ ನೋಡಿದರೂ ಸಾಕು" ಅಂತ ಬರೆದಿದ್ದರೂ ಯಾರೂ ನಾಳೆ ತನಕ ಕಾಯುವುದಿಲ್ಲ.

ಸಾವು, ಹಿಂಸೆಯ ಕತೆಗಳನ್ನು ದಿನವೂ ಕೇಳುವವರ ಮಾತೇ ಬೇರೆ. ಅವರಿಗೆ ಮನಸ್ಸು ಹಗುರ ಮಾಡಿಕೊಳ್ಳಲು ನುರಿತವರ ಜೊತೆ ಕೂರುವ ಸಮಯ ಬೇಕು. ಅದೂ ಕೆಲಸದ ಹೊತ್ತಿನಲ್ಲೇ.

ಮುಂದಿನ ಪ್ರಾಜೆಕ್ಟ್ ಪ್ರಸ್ತಾವದಲ್ಲಿ ಬದಲಿ ಸಿಬ್ಬಂದಿಯ ಸಂಬಳ ಮತ್ತು ಈ ಆಪ್ತಸಮಾಲೋಚನೆಯ ಖರ್ಚನ್ನು ಬೇರೆ ಸಾಲಿನಲ್ಲೇ ತೋರಿಸಿ. ದಾನಿ ಆ ಸಾಲು ಹೊಡೆದುಹಾಕಿದರೆ, ತಲುಪಬೇಕಾದ ಕುಟುಂಬಗಳ ಸಂಖ್ಯೆಯನ್ನೂ ಅಷ್ಟು ಇಳಿಸಿ ವಾಪಸ್ ಕಳಿಸಿ.