ಕಂಪ್ಯೂಟರಿಗೆ ಸುಳ್ಳು ಹೇಳಿಕೊಡುವ ಹವ್ಯಾಸ

ಹೆಸರಾಂತ ಚಿತ್ರವೊಂದನ್ನು ಮುಂದಿಟ್ಟುಕೊಂಡು ಅದನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟುವ ಹವ್ಯಾಸಿಗಳಿದ್ದಾರೆ. ಇವರು ಕುಂಚ ಹಿಡಿಯುವುದಿಲ್ಲ. ಗೋಡೆ, ಮೇಜು, ಕಿಟಕಿಗಳನ್ನು ಅಳತೆ ಕೊಟ್ಟು ನಿಲ್ಲಿಸುತ್ತಾರೆ, ದೀಪ ಎಲ್ಲಿ, ಕ್ಯಾಮೆರಾ ಎಲ್ಲಿ ಅಂತ ಗೊತ್ತು ಮಾಡುತ್ತಾರೆ, ಆಮೇಲೆ 'ರೆಂಡರ್' ಒತ್ತಿ ಕಾಯುತ್ತಾರೆ. ಚಿತ್ರ ಬಿಡಿಸುವುದು ಸಾಫ್ಟ್‌ವೇರ್. ಬ್ಲೆಂಡರ್ ಇದೆ, ಪೋವ್-ರೇ ಇದೆ, ಎರಡೂ ಪುಕ್ಕಟೆ. ಪೋವ್-ರೇಯಲ್ಲಂತೂ ಎಲ್ಲವೂ ಬರವಣಿಗೆಯಲ್ಲೇ: ಇಲ್ಲೊಂದು ಗೋಳ, ಇಷ್ಟು ತ್ರಿಜ್ಯ, ಕನ್ನಡಿಯಂಥ ಮೈ ಎಂದು ಅದರ ಭಾಷೆಯಲ್ಲಿ ಬರೆದರಾಯಿತು.

ಸುಮ್ನೆ ನಕಲು ಅಲ್ವಾ ಅನ್ನಿಸಬಹುದು. ಆದರೆ ರೆಂಡರರ್‌ಗೆ, ಅಂದರೆ ಚಿತ್ರ ಬಿಡಿಸುವ ಆ ಸಾಫ್ಟ್‌ವೇರ್‌ಗೆ, ಕಲೆ ಗೊತ್ತಿಲ್ಲ, ಬೆಳಕು ಮಾತ್ರ ಗೊತ್ತು. ಚಿತ್ರಕಾರ ಎಲ್ಲಿ ಬೆಳಕಿನ ನಿಯಮ ಮುರಿದಿದ್ದಾನೋ ಅಲ್ಲಿ ಅದು ಹಟ ಹಿಡಿದು ನಿಲ್ಲುತ್ತದೆ. ಈ ಹವ್ಯಾಸದ ಮಜಾ ಇರುವುದೇ ಅಲ್ಲಿ.

ಅದು ಕೆಲಸ ಮಾಡುವ ರೀತಿ ಸ್ವಲ್ಪ ತಲೆಕೆಳಗು. ನಿಜದಲ್ಲಿ ಬೆಳಕು ದೀಪದಿಂದ ಹೊರಟು ಕಣ್ಣಿಗೆ ಬರುತ್ತದೆ. ಆದರೆ ದೀಪದಿಂದ ಹೊರಟ ಕಿರಣಗಳಲ್ಲಿ ಬಹುಪಾಲು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅವನ್ನೆಲ್ಲ ಲೆಕ್ಕ ಹಾಕುವುದು ದಂಡ. ಹಾಗಾಗಿ ಕಂಪ್ಯೂಟರ್ ಕ್ಯಾಮೆರಾದಿಂದಲೇ ಕಿರಣ ಬಿಟ್ಟು, ಅದು ಯಾವುದಕ್ಕೆ ತಾಗಿತು, ಅಲ್ಲಿಂದ ಎತ್ತ ಪುಟಿಯಿತು ಎಂದು ಹಿಮ್ಮುಖವಾಗಿ ಹುಡುಕುತ್ತಾ ಹೋಗುತ್ತದೆ. ಕನ್ನಡಿ, ಗಾಜುಗಳಿಗೆ ಈ ದಾರಿ ತೋರಿಸಿದ್ದು 1980ರಲ್ಲಿ ಟರ್ನರ್ ವಿಟೆಡ್. ಗೋಡೆಯಿಂದ ಗೋಡೆಗೆ ಚೆದುರುವ ಮಂದ ಬೆಳಕನ್ನೂ ಒಂದೇ ಸಮೀಕರಣಕ್ಕೆ ತಂದದ್ದು 1986ರಲ್ಲಿ ಜಿಮ್ ಕಜಿಯಾ.

ಹವ್ಯಾಸಿಗಳಿಗೆ ಅಚ್ಚುಮೆಚ್ಚಿನವನು ಡಚ್ ಕಲಾವಿದ ಎಷರ್. 1935ರ ಅವನ ಒಂದು ಚಿತ್ರದಲ್ಲಿ ಕೈಯೊಂದು ಕನ್ನಡಿ ಗೋಳ ಹಿಡಿದಿದೆ. ಗೋಳದೊಳಗೆ ಕೋಣೆ, ಪುಸ್ತಕದ ಕಪಾಟು, ಕಿಟಕಿ, ನಡುವೆ ಎಷರ್. ನೋಡಲು ಒಂದು ಕೈ, ಒಂದು ಗೋಳ ಅಷ್ಟೇ. ಮಾಡಲು ಹೊರಟರೆ ಕ್ಯಾಮೆರಾದ ಬೆನ್ನ ಹಿಂದಿನ ಇಡೀ ಕೋಣೆ ಕಟ್ಟಬೇಕು! ಗೋಳದ ಅಂಚಿನ ಕಡೆ ಸ್ವಲ್ಪ ಗಮನ ಕೊಡಿ. ಕನ್ನಡಿ ಗೋಳವನ್ನು ದೂರದಿಂದ ನೋಡಿದರೆ, ನಡುವಿನಿಂದ ತ್ರಿಜ್ಯದ ಶೇ. 71ರಷ್ಟು ಆಚೆ ಮೈ ಸರಿಯಾಗಿ 45 ಡಿಗ್ರಿ ವಾಲಿರುತ್ತದೆ. ಅಲ್ಲಿ ಬಿದ್ದ ಕಿರಣ ನೇರ ಪಕ್ಕಕ್ಕೆ ತಿರುಗುತ್ತದೆ. ಅಂದರೆ ನಮ್ಮ ಕಡೆಯ ಅರ್ಧ ಲೋಕ ಒಳಗಿನ ವೃತ್ತದಲ್ಲಿ ಮುಗಿಯಿತು. ಅದರಾಚೆಯ ಸಣ್ಣ ಉಂಗುರದಲ್ಲಿ ಗೋಳದ ಹಿಂದಿನ ಲೋಕವೆಲ್ಲ ಹಿಚುಕಿಕೊಂಡು ಕೂತಿದೆ. ನೇರ ಹಿಂದೆ ಅಡಗಿದ್ದು ಬಿಟ್ಟರೆ ತಪ್ಪಿಸಿಕೊಂಡದ್ದು ಏನೂ ಇಲ್ಲ.

ಇನ್ನೊಂದು ಪೇಚು. ಎಷರ್‌ನ ಎರಡು ಕಣ್ಣುಗಳ ನಡುವಿನ ಜಾಗ ಗೋಳದ ಬಿಂಬದ ನಟ್ಟನಡುವೆ ಬರುತ್ತದೆ, ನೋಡುವವನು ಅವನೇ ತಾನೆ. ಕಂಪ್ಯೂಟರಿನ ಕ್ಯಾಮೆರಾಕ್ಕೆ ಮೈಯಿಲ್ಲ, ಹಾಗಾಗಿ ಬಿಂಬದಲ್ಲಿ ಖಾಲಿ ಕುರ್ಚಿ ಕಾಣುತ್ತದೆ. ಒಂದು ತಲೆ ಮಾಡಿ ಕೂರಿಸಿ, ಹುಬ್ಬುಗಳ ನಡುವೆ ಚರ್ಮಕ್ಕೆ ತಾಗದಂತೆ ಕ್ಯಾಮೆರಾ ಇಡಬೇಕು. ಕೂದಲೆಳೆಯಷ್ಟು ಒಳಗೆ ಹೋದರೂ ಬರೀ ಕತ್ತಲೆ.

ಗೋಳದಲ್ಲಿ ಎಷರ್ ಪ್ರಾಮಾಣಿಕ. 1961ರ 'ಜಲಪಾತ'ದಲ್ಲಿ ಅಲ್ಲ. ಅಲ್ಲಿ ನೀರು ಅಂಕುಡೊಂಕು ಕಾಲುವೆಯಲ್ಲಿ ಹರಿದು ಹೇಗೋ ಮೇಲೆ ತಲುಪಿ, ಮತ್ತೆ ಕೆಳಗಿನ ನೀರಿನ ಚಕ್ರದ ಮೇಲೆ ಧುಮುಕುತ್ತದೆ. ಲಯೊನೆಲ್ ಮತ್ತು ರೋಜರ್ ಪೆನ್ರೋಸ್, ಅಪ್ಪ-ಮಗ, 1958ರಲ್ಲಿ ಪ್ರಕಟಿಸಿದ ಅಸಾಧ್ಯ ತ್ರಿಕೋನವೇ (ಕಾಗದದ ಮೇಲೆ ಕೂಡುವ, ನಿಜದಲ್ಲಿ ಕೂಡದ ತ್ರಿಕೋನ) ಇದರ ಮೂಲ. ಇಂಥದ್ದನ್ನು ಕಟ್ಟಬೇಕಾದರೆ ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಕಂಬ ಕಾಲುವೆಯ ಮೇಲೆ ನಿಂತಂತೆ ಕಾಣುತ್ತದೆ, ನಿಜವಾಗಿ ಅದರ ಬುಡಕ್ಕೂ ಕಾಲುವೆಗೂ ಬಹಳ ಅಂತರ. ಒಂದೇ ಒಂದು ಜಾಗದಿಂದ ನೋಡಿದರೆ ಮಾತ್ರ ಎರಡೂ ಕೂಡುತ್ತವೆ. ಸಾಮಾನ್ಯ ಕ್ಯಾಮೆರಾದಲ್ಲಿ ದೂರದ್ದು ಚಿಕ್ಕದಾಗಿ ಕಂಡು ಗುಟ್ಟು ರಟ್ಟಾಗುತ್ತದೆ. ಅದಕ್ಕೇ ದೂರಕ್ಕೆ ತಕ್ಕಂತೆ ಗಾತ್ರ ಕುಗ್ಗಿಸದ ಆರ್ಥೋಗ್ರಾಫಿಕ್ ಕ್ಯಾಮೆರಾ ಬೇಕು. ಅಷ್ಟಾದರೂ ನೆರಳು ಮೋಸ ಮಾಡುತ್ತದೆ. ಕಂಬದ ನೆರಳು ಕಾಲುವೆ ಬಿಟ್ಟು ಎಲ್ಲೋ ದೂರದಲ್ಲಿ ಬೀಳುತ್ತದೆ. ಆಗ ಆ ಕಂಬದ ನೆರಳೇ ಬೀಳದಂತೆ ಮಾಡಿ, ಬೇರೆ ಕಡೆ ಸುಳ್ಳು ನೆರಳು ಹಾಕಬೇಕು.

ಬೆಲ್ಜಿಯಂನ ಕಲಾವಿದ ಮಾಗ್ರಿಟ್‌ನ 'ಬೆಳಕಿನ ಸಾಮ್ರಾಜ್ಯ' ಸರಣಿಯ ಚಿತ್ರಗಳಲ್ಲಿ ಸುಳ್ಳು ಇನ್ನೂ ಸಲೀಸು. ಮೇಲೆ ಹಗಲಿನ ನೀಲಿ ಆಕಾಶ, ಕೆಳಗೆ ರಾತ್ರಿಯ ಬೀದಿ. ಇದನ್ನೇ ರೆಂಡರ್ ಮಾಡಿದರೆ ಆಕಾಶದ ಬೆಳಕು ಸುರಿದು ಬೀದಿಯೆಲ್ಲ ಫಳಫಳ. ಬ್ಲೆಂಡರ್‌ನಲ್ಲಿ ಇದಕ್ಕೊಂದು ಆಯ್ಕೆ ಇದೆ: ಆಕಾಶ ಕ್ಯಾಮೆರಾಕ್ಕೆ ಮಾತ್ರ ಕಾಣಲಿ, ಯಾವುದರ ಮೇಲೂ ಬೆಳಕು ಚೆಲ್ಲದಿರಲಿ ಅಂತ ಟಿಕ್ ತೆಗೆದರೆ ಮುಗಿಯಿತು.

ಹೊಸದಾಗಿ ಶುರು ಮಾಡುವವರು ಮುಖ, ಬಟ್ಟೆಯ ಮಡಿಕೆ ಜಾಸ್ತಿ ಇರುವ ಚಿತ್ರ ಮುಟ್ಟದಿರುವುದೇ ಒಳ್ಳೆಯದು. ವ್ಯಾನ್ ಗಾಗ್ ಕೂಡ ಬೇಡ ಎನ್ನುತ್ತೇನೆ, ಅಲ್ಲಿ ಬೆಳಕಿಗಿಂತ ದಪ್ಪ ಬಣ್ಣದ್ದೇ ಆಟ. ತಾಳ್ಮೆಯೂ ಬೇಕು. ಕಿರಣಗಳನ್ನು ಅಡ್ಡಾದಿಡ್ಡಿ ಬಿಟ್ಟು ಲೆಕ್ಕ ಹಾಕುವುದರಿಂದ ಚಿತ್ರದ ತುಂಬ ಮೊದಮೊದಲು ಚುಕ್ಕೆಗಳು. ಅವನ್ನು ಅರ್ಧಕ್ಕೆ ಇಳಿಸಲು ಕಿರಣಗಳು ನಾಲ್ಕು ಪಟ್ಟಾಗಬೇಕು.

ಇದೇ ವಿದ್ಯೆ ಒಮ್ಮೆ ಪಂಡಿತರ ಜಗಳಕ್ಕೂ ಬಂತು. ಲಿಯೊನಾರ್ಡೊ ಡ ವಿಂಚಿಯದು ಎಂದು 2017ರಲ್ಲಿ 45 ಕೋಟಿ ಡಾಲರಿಗೆ ಹರಾಜಾದ 'ಸಾಲ್ವತೋರ್ ಮುಂಡಿ' ಚಿತ್ರದಲ್ಲಿ ಏಸುವಿನ ಕೈಯಲ್ಲೊಂದು ಗಾಜಿನ ಗೋಳವಿದೆ. ಗಟ್ಟಿ ಗಾಜಾದರೆ ಹಿಂದಿನ ಬಟ್ಟೆ ತಲೆಕೆಳಗಾಗಿ ಕಾಣಬೇಕು. ಚಿತ್ರದಲ್ಲಿ ಹಾಗಿಲ್ಲ. ಬೆಳಕನ್ನು ಅಷ್ಟೊಂದು ಅಧ್ಯಯನ ಮಾಡಿದ ಲಿಯೊನಾರ್ಡೊ ಹೀಗೆ ಎಡವುತ್ತಾನಾ ಎಂಬ ಪ್ರಶ್ನೆ ಎದ್ದಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್‌ನ ಸಂಶೋಧಕರು ಆ ದೃಶ್ಯವನ್ನು ಕಂಪ್ಯೂಟರಿನಲ್ಲಿ ಕಟ್ಟಿ ಬೇರೆಬೇರೆ ಗೋಳ ಇಟ್ಟು ನೋಡಿದರು. 6.8 ಸೆಂಟಿಮೀಟರ್ ತ್ರಿಜ್ಯದ, 1.3 ಮಿಲಿಮೀಟರ್ ದಪ್ಪದ ಟೊಳ್ಳು ಗೋಳ ಚಿತ್ರಕ್ಕೆ ಚೆನ್ನಾಗಿ ಹೊಂದಿತು. ತೆಳು ಗಾಜಿನ ಟೊಳ್ಳು ಗೋಳ ಹಿಂದಿನದನ್ನು ಹೆಚ್ಚೇನೂ ತಿರುಚುವುದಿಲ್ಲ. ಅಂದರೆ ಗೋಳ ಬರೆದವರು ಬೆಳಕಿನ ವಿಷಯದಲ್ಲಿ ಸುಳ್ಳು ಹೇಳಿರಬೇಕಾಗಿಲ್ಲ. ಬರೆದವರು ಲಿಯೊನಾರ್ಡೊನೇನಾ ಎಂಬ ಜಗಳ ಮಾತ್ರ ಈಗಲೂ ನಡೆಯುತ್ತಿದೆ.